ಗುಂಡಿ

ಅಲಾರಂ ಗಡಿಯಾರವನ್ನು ಬ್ರೆಡ್ಡಿನ ಡಬ್ಬಿಯೊಳಗೆ
ಯಾರಿಗೆಂದು ಬಚ್ಚಿಟ್ಟಿದ್ದೆಯಪ್ಪಾ?
ಆಸ್ಪತ್ರೆ, ಶವಾಗಾರ, ಇಗರ್ಜಿ ಅಂತ ನಾವು ಅಲೆಯುವಾಗ
ಮೂರು ಸಂಜೆ ಅದು ಖಾಲಿ ಮನೆಗೆ ಬೊಬ್ಬೆ ಹೊಡೆದಿರಬೇಕು.
ನಾಲ್ಕನೆಯ ಸಂಜೆ, ನಿನಗೆ ಮಣ್ಣು ಕೊಟ್ಟು ಬಂದು ಕೂತಾಗ,
ಪಾದ್ರಿಗಳು ಸೂಪಿಗೆ ಚಮಚ ಇಳಿಸುವುದನ್ನೇ ಕಾದಿದ್ದ ಹಾಗೆ
ಕಿರುಚಿಕೊಂಡಿತು.
ಅಮ್ಮ ಎದೆ ಹಿಡಿದುಕೊಂಡಳು.
ಆಮೇಲೆ ಸೂರು ನೋಡಿ, "ನಿನ್ನ ಮನೆ ಹಾಳಾಗ" ಎಂದಳು.
"ಅದು ನಿಮ್ಮದೂ ಮನೆಯಲ್ಲವೇ, ಗೆರ್ತ್ರೂದಾ?"
ಅಂತ ಮೊದಲು ನಕ್ಕವರು ಪಾದ್ರಿಗಳೇ.

ಬಿತೋಮಿನ ನಮ್ಮ ಬೀದಿಯಲ್ಲಿ
ಗಣಿಯವರ ಇಟ್ಟಿಗೆಮನೆಗಳ ಕಿಟಕಿ ಚೌಕಟ್ಟೆಲ್ಲ ಕೆಂಪು,
ನಮ್ಮದೊಂದು ಹಸಿರು.
ಹೂಬರ್ಟನ ಜೊತೆ ಫುಟ್‌ಬಾಲಿಗೆ ಬಾಜಿ ಕಟ್ಟಿ ಸೋತದ್ದು;
ಗೆದ್ದಿದ್ದರೆ ಅವನ ಮೀಸೆ ಹೋಗುತ್ತಿತ್ತಂತೆ.
ನಿನ್ನ ಪೆಟ್ಟಿಗೆಗೆ ಹೆಗಲು ಕೊಡಲು ಹೂಬರ್ಟ್
ಮೀಸೆ ಬೋಳಿಸಿಕೊಂಡು ಬಂದಿದ್ದ.
ಯಾರೂ ಏನೂ ಕೇಳಲಿಲ್ಲ.

ಗಣಿಯ ಬಚ್ಚಲಲ್ಲಿ ಎಷ್ಟು ಉಜ್ಜಿಕೊಂಡರೂ
ರೆಪ್ಪೆಯಂಚಿನ ಕಲ್ಲಿದ್ದಲು ಹೋಗುತ್ತಿರಲಿಲ್ಲ.
ಕಾಡಿಗೆ ತೀಡಿದಂಥ ಆ ಕಣ್ಣು ಹೊರಳಿಸಿ
ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು
ನಾಟಕದ ರಾಣಿಯಾಗುತ್ತಿದ್ದೆ.
ನಾವು ನಾಲ್ವರೂ ನಿನ್ನ ಸಖಿಯರು,
ಬೆರ್ನಾರ್ಡನೂ ಸೇರಿ.

ಒಂದು ಮಾರ್ಚಿಯಲ್ಲಿ ಮಾತ್ರ,
ಇಳಿದ ಹನ್ನೊಂದು ಜನರಲ್ಲಿ ಎಂಟು ಜನ ಮೇಲೆ ಬಂದ ದಿನ,
ಸೀದಾ ಪಾರಿವಾಳದ ಗೂಡಿಗೆ ಹತ್ತಿದವನು
ಇಳಿಯಲೇ ಇಲ್ಲ.
ಅಮ್ಮ ಊಟ ಕಟ್ಟಿ ಏಣಿಯ ತುದಿಗಿಟ್ಟಳು.
ಬೆಳಗಿಗೆ ಅದನ್ನು ಹಕ್ಕಿಗಳು ತಿಂದಿದ್ದವು.
ಮಧ್ಯಾಹ್ನ ಎರಡೂ ಹೊಳ್ಳೆಗೆ ಬಟಾಣಿ ತುರುಕಿಕೊಂಡು
ಮೇಜಿನ ತಲೆಗೆ ಬಂದು ಕೂತೆ.
ನಾವು ನಕ್ಕೆವು. ಅಮ್ಮ ನಗಲಿಲ್ಲ.
ಅದರ ಅರ್ಥ ಈಗ ತಿಳಿಯಿತು ಅಂದರೆ
ಸುಳ್ಳಾಡಿದಂತೆ.

ಭಾನುವಾರ ಅಮ್ಮ ಆಲೂಗಡ್ಡೆ ಬೇಯಿಸಿ, ನಾದಿ, ಉಂಡೆ ಕಟ್ಟುವಳು.
ಹೆಬ್ಬೆರಳೊತ್ತಿ ಗುಂಡಿ ಮಾಡುವುದು ನಿನ್ನ ಪಾಲು,
ಸಾರು ನಿಲ್ಲಲಿಕ್ಕೆ.
ಬೆರಳಿನ ತುದಿಯನ್ನು ಯಂತ್ರ ನುಂಗಿದ ಮೇಲೆ
ಗುಂಡಿಯೂ ಸೊಟ್ಟ.
ಸಾರೆಲ್ಲ ಒಂದೇ ಪಕ್ಕಕ್ಕೆ ಸೋರಿ ಮೇಜುಬಟ್ಟೆಯ ಪಾಲು.
"ಇರಲಿ ಬಿಡು, ಬಟ್ಟೆಗೂ ಹಸಿವಿರುತ್ತದೆ."
ಒಂದು ಉಂಡೆಯೊಳಗೆ ಕಳ್ಳತನದಲ್ಲಿ ಅಂಗಿಯ ಗುಂಡಿ;
ಯಾರ ಹಲ್ಲಿಗೆ ಸಿಕ್ಕಿತೋ ಅವರು ಪಾತ್ರೆ ತೊಳೆಯಬೇಕು.
ಯಾಕೋ ಅದು
ನಿನ್ನ ಹಲ್ಲಿಗೆ ಒಮ್ಮೆಯೂ ಸಿಗಲಿಲ್ಲ.

ಇವತ್ತು ನವೆಂಬರ್ ಒಂದು.
ಊರಿಗೆ ಊರೇ ಸಮಾಧಿಗಳಿಗೆ ಗಾಜಿನ ದೀಪವಿಟ್ಟು ಬಂದಿದೆ.
ಕೈ ಬೆಚ್ಚಗಾಗುವ ಮೊದಲೇ ಅಮ್ಮ ಫ್ರೀಜರಿಗೆ ಬಗ್ಗಿ
ತಳದಿಂದೊಂದು ಚೀಲ ಎಳೆದಳು.
ನಿನ್ನ ಕೋಳಿಕಾಲಿನ ಅಕ್ಷರ:
"ಇಪ್ಪತ್ಮೂರು ಇವೆ. ಎಣಿಸಿದ್ದೇನೆ. ಕದ್ದವರಿಗೆ ಭೇದಿಯಾಗಲಿ."
ಹಿಮ ಒರೆಸಿದರೆ ಪ್ರತಿಯೊಂದರಲ್ಲೂ
ನಿನ್ನ ಮೊಂಡು ಬೆರಳು.

ಬೇಡ, ಹಾಗೇ ಇಡೋಣ, ಎಂದ ಬೆರ್ನಾರ್ಡ್.
ಅಮ್ಮ ಆಗಲೇ ನೀರಿಗೆ ಉಪ್ಪು ಹಾಕಿದ್ದಳು.
"ತಿನ್ನಲಿ ಅಂತ ಮಾಡಿದ್ದು. ಪೂಜಿಸಲಿ ಅಂತಲ್ಲ."

ಪುಟ್ಟ ಷಿಮೋನ್ ತನ್ನ ಬೆರಳಿಟ್ಟು ಅಳೆದು ನೋಡಿದ.
ಸಾರು ಸೋರಿತು. ಬಟ್ಟೆ ಉಂಡಿತು.
ಎಲ್ಲರೂ ಮೆಲ್ಲಗೆ, ಬಹಳ ಮೆಲ್ಲಗೆ ಅಗಿದೆವು,
ಗುಂಡಿ ಸಿಗಲಿ ಅಂತಲೋ ಸಿಗದಿರಲಿ ಅಂತಲೋ.
ಇಪ್ಪತ್ತು. ಇಪ್ಪತ್ತೆರಡು. ಕೊನೆಯದು ಅಮ್ಮನ ತಟ್ಟೆಗೆ.
ಸಿಕ್ಕಿತಾ? ಎಂದೆ.
ಅಮ್ಮ ಮಾತಾಡಲಿಲ್ಲ.
ಒಂದು ಕೆನ್ನೆ ತುಸು ಉಬ್ಬಿತ್ತು.
ತೋಳು ಮಡಚಿಕೊಂಡು ಎದ್ದಳು,
ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ
ನಲ್ಲಿ ತಿರುಗಿಸಿದಳು.